ಒಂದು ತಿಂಗಳು ಸಮುದ್ರದ ಹತ್ತಿರ ಸುಮ್ನೆ ಇರಬೇಕು: ಗೋಕರ್ಣನಾ, ಕುಮಟಾನಾ?

ಬಯಲುಸೀಮೆ ರಾಯ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು. ಈ ಡಿಸೆಂಬರ್‌ಗೆ ನನ್ನ ನೌಕರಿ ಮುಗಿಯುತ್ತದೆ. ಅದಾದ ಮೇಲೆ ನಾನು, ನನ್ನ ಹೆಂಡತಿ ಇಬ್ಬರೇ ಸಮುದ್ರದ ಹತ್ತಿರ ಒಂದು ತಿಂಗಳು ಇರಬೇಕು ಅಂತ ಬಹಳ ವರ್ಷದ ಆಸೆ. ಟೂರ್ ಬೇಡ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಸಂಜೆಯೊಳಗೆ ಏಳು ದೇವಸ್ಥಾನ ತೋರಿಸುವ ಪ್ರವಾಸ ಜೀವನದಲ್ಲಿ ಸಾಕಷ್ಟು ಆಗಿದೆ. ಒಂದೇ ಊರು, ಒಂದೇ ರೂಮು, ಬೇಕಾದಾಗ ಎದ್ದು ಬೇಕಾದಾಗ ಮಲಗುವುದು, ಅಷ್ಟೇ.

ಗೋಕರ್ಣ ಅಂತ ಮನಸ್ಸಲ್ಲಿದೆ. ಕುಡ್ಲೆ ಬೀಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ರೂಮು ಸಿಗುತ್ತದೆ ಅಂತ ಕೇಳಿದ್ದೇನೆ. ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಮತ್ತೆ ನಾವು ಮೀನು ತಿನ್ನುವವರಲ್ಲ. ತಿಳಿದವರು ಹೇಳಿ.

ಅಲೆಮಾರಿ

ಸರ್, ಕುಡ್ಲೆ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ನಾನು ಬೆಂಗಳೂರಿಂದ ಪ್ರತಿ ಚಳಿಗಾಲ ಲ್ಯಾಪ್‌ಟಾಪ್ ತಗೊಂಡು ಅಲ್ಲೇ ಹೋಗಿ ಕೂರುವವನು. ಬಾಗಿಲು ತೆಗೆದರೆ ಮರಳು. ಓಂ ಬೀಚಿನಷ್ಟು ಗದ್ದಲ ಇಲ್ಲ, ಮೇನ್ ಬೀಚಿನಷ್ಟು ಜನ ಇಲ್ಲ. ಬೇಸರ ಆದರೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಓಂ ಬೀಚಿಗೆ ನಡೆದು ಹೋಗಬಹುದು, ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಆ ಎರಡಕ್ಕೆ ರಸ್ತೆಯೇ ಇಲ್ಲ, ಕಾಲ್ನಡಿಗೆ ಇಲ್ಲಾ ದೋಣಿ. ತಿಂಡಿ, ಊಟ ಎಲ್ಲ ಶ್ಯಾಕ್‌ಗಳಲ್ಲೇ ಸಿಗುತ್ತದೆ. ಒಂದು ತಿಂಗಳು ಅಂದರೆ ಬಾಡಿಗೆಯಲ್ಲೂ ಚೌಕಾಶಿ ಮಾಡಬಹುದು.

ಕುಮಟೆ ಹುಡುಗಿ

ಅಲೆಮಾರಿ ಅವರೇ, ರಾಯರು ಮೊಣಕಾಲು ನೋವು ಅಂತ ಬರೆದದ್ದು ಓದಿದ್ರಾ? ಕುಡ್ಲೆಗೆ ಮೇಲಿನ ರಸ್ತೆಯಿಂದ ಇಳಿಯಬೇಕು, ಮತ್ತೆ ಹತ್ತಬೇಕು. ಒಂದು ಮಾತ್ರೆ ಬೇಕು, ಒಂದು ಎಳನೀರು ಬೇಕು, ದೇವಸ್ಥಾನಕ್ಕೆ ಹೋಗಬೇಕು ಅಂದರೂ ಹತ್ತಿ ಇಳಿಯುವುದೇ. ಎರಡು ದಿನಕ್ಕೆ ಬಂದವರಿಗೆ ಅದೊಂದು ಮಜಾ. ತಿಂಗಳಿಡೀ ಇರುವವರಿಗೆ ಅದು ಶಿಕ್ಷೆ.

ರಾಯರೇ, ನಾನು ಕುಮಟಾದವಳು, ಈಗ ಕೆಲಸ ಬೆಂಗಳೂರಲ್ಲಿ. ನಮ್ಮ ಊರು ಅಂತ ಹೊಗಳುತ್ತಿಲ್ಲ, ಆದರೂ ಹೇಳುತ್ತೇನೆ. ತಿಂಗಳುಗಟ್ಟಲೆ ಇರಬೇಕಾದರೆ ಬೀಚಿನ ಮೇಲೆ ಇರಬೇಡಿ, ಬೀಚಿರುವ ಊರಲ್ಲಿ ಇರಿ. ಸಮುದ್ರಕ್ಕೆ ನೀವು ಹೋಗುವುದು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಹನ್ನೊಂದರಿಂದ ನಾಲ್ಕರವರೆಗೆ ಜನವರಿಯಲ್ಲೂ ಮರಳು ಕಾಲು ಸುಡುತ್ತದೆ, ಯಾರೂ ಹೊರಗೆ ಇರುವುದಿಲ್ಲ. ಆ ಹೊತ್ತಲ್ಲಿ ನಿಮಗೆ ಬೇಕಾದದ್ದು ಸಮುದ್ರ ಕಾಣುವ ಕಿಟಕಿ ಅಲ್ಲ. ಒಂದು ಫ್ಯಾನು, ಒಂದು ಅಡುಗೆಮನೆ, ಹತ್ತಿರದಲ್ಲಿ ಒಂದು ಔಷಧಿ ಅಂಗಡಿ.

ಕುಮಟಾ ತಾಲೂಕು ಕೇಂದ್ರ. ರೈಲ್ವೆ ಸ್ಟೇಷನ್ ಊರಲ್ಲೇ ಇದೆ. ಗೋಕರ್ಣ ರೋಡ್ ಸ್ಟೇಷನ್ನಿಂದ ಗೋಕರ್ಣ ಊರಿಗೆ ಇನ್ನೂ ಎಂಟು-ಹತ್ತು ಕಿಲೋಮೀಟರ್ ಆಟೋದಲ್ಲಿ ಹೋಗಬೇಕು. ನಮ್ಮಲ್ಲಿ ವನ್ನಳ್ಳಿ ಕಡಲತೀರ, ಅದರ ಪಕ್ಕ ಹೆಡ್ ಬಂದರ್, ಆ ಕಡೆ ಕಡ್ಲೆ, ಬಾಡ, ದಕ್ಷಿಣಕ್ಕೆ ಧಾರೇಶ್ವರ. ಒಂದಕ್ಕೂ ಗೋಕರ್ಣದ ಹೆಸರಿಲ್ಲ, ಹಾಗಾಗಿ ಜನವೂ ಇಲ್ಲ.

ಉಪ್ಪಿನಕಾಯಿ

ಒಂದು ತಿಂಗಳಾ?! ನಾಲ್ಕನೇ ದಿನಕ್ಕೆ ಬೋರ್ ಆಗುತ್ತದೆ, ಬರೆದಿಟ್ಟುಕೊಳ್ಳಿ. ಸಮುದ್ರ ಅಂದರೆ ನೀರು. ಬರುತ್ತದೆ, ಹೋಗುತ್ತದೆ. ಎಷ್ಟು ಹೊತ್ತು ನೋಡುತ್ತೀರಿ?

ತದಡಿ ದೋಣಿ

ಉಪ್ಪಿನಕಾಯಿ ಅವರೇ, ನೀವು ಬಂದಾಗೆಲ್ಲ ಮಧ್ಯಾಹ್ನ ನೋಡಿರಬೇಕು. ಮಧ್ಯಾಹ್ನದ ಸಮುದ್ರ ನಮಗೂ ಬೋರೇ ಮಾರಾಯ್ರೆ.

ರಾಯರೇ, ನಮ್ಮದು ಮೀನುಗಾರಿಕೆ ಮನೆ. ಒಂದು ಮಾತು ಹೇಳುತ್ತೇನೆ. ಬಂದ ದಿನವೇ ಉಬ್ಬರ-ಇಳಿತದ ಹೊತ್ತು ಯಾರನ್ನಾದರೂ ಕೇಳಿ ತಿಳಿದುಕೊಳ್ಳಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿ ದಿನ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ. ಅಂದರೆ ಈ ವಾರ ಬೆಳಿಗ್ಗೆ ನೀವು ನಡೆದ ಗಟ್ಟಿ ಮರಳಿನ ದಾರಿ ಮುಂದಿನ ವಾರ ಅದೇ ಹೊತ್ತಿಗೆ ನೀರಲ್ಲಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ತೀರಾ ಮೇಲೆ ಬರುತ್ತದೆ, ತೀರಾ ಕೆಳಗೂ ಹೋಗುತ್ತದೆ. ಮೊಣಕಾಲು ನೋವಿನವರಿಗೆ ಇದು ಮುಖ್ಯ. ನೀರು ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ನಡೆಯಲು ಆರಾಮ. ಒಣ ಮರಳಲ್ಲಿ ಕಾಲು ಹೂತು ನೋವು ಜಾಸ್ತಿ ಆಗುತ್ತದೆ. ಅಕ್ಕನಿಗೆ ಇಳಿತದ ಹೊತ್ತಲ್ಲೇ ನಡೆಯಲು ಹೇಳಿ.

ನೀರಿಗೆ ಇಳಿಯುವ ಮಾತು. ಸೊಂಟದಷ್ಟು ನೀರಿಗಿಂತ ಮುಂದೆ ಹೋಗಬೇಡಿ. ಅಲೆ ಒಡೆದು ಬೆಳ್ಳಗೆ ನೊರೆ ಕಾಣುವ ಜಾಗ ನೋಡಿ ಬಯಲುಸೀಮೆಯವರು ಹೆದರುತ್ತಾರೆ, ಪಕ್ಕದಲ್ಲಿ ನೊರೆ ಇಲ್ಲದೆ ನುಣ್ಣಗೆ ಕಾಣುವ ಜಾಗಕ್ಕೆ ಹೋಗಿ ಇಳಿಯುತ್ತಾರೆ. ಉಲ್ಟಾ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಆ ನುಣ್ಣಗಿನ ಜಾಗವೇ ಆಗಿರಬಹುದು. ಅಲ್ಲಿ ಸೆಳೆತ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಕೆಂಪು ಬಾವುಟ ಹಾಕಿದ್ದರೆ, ಜೀವರಕ್ಷಕರು ಸೀಟಿ ಊದಿದರೆ, ವಾದ ಮಾಡದೆ ಮೇಲೆ ಬನ್ನಿ. ಓಂ ಬೀಚಿನ ಬಂಡೆಗಳ ಮೇಲೆ ಫೋಟೋಗೆ ನಿಲ್ಲುವವರನ್ನು ನೋಡಿದರೆ ನಮಗೆ ಹೊಟ್ಟೆಯಲ್ಲಿ ಕಸಿವಿಸಿ. ಪಾಚಿ ಹಿಡಿದಿರುತ್ತದೆ, ಅಲೆ ಹೇಳಿ ಬರುವುದಿಲ್ಲ.

ಬಯಲುಸೀಮೆ ರಾಯ

ತುಂಬಾ ಧನ್ಯವಾದ. ನುಣ್ಣಗಿನ ಜಾಗದ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಮನೆಯವರಿಗೂ ಓದಿ ಹೇಳಿದೆ. ಅವರು ಹೇಗೂ ಪಾದ ಒದ್ದೆ ಮಾಡಿಕೊಳ್ಳುವಷ್ಟೇ ಬಿಡಿ.

ಈಗ ಇನ್ನೊಂದು. ಜನವರಿನಾ, ಫೆಬ್ರವರಿನಾ? ಶಿವರಾತ್ರಿ ಗೋಕರ್ಣದಲ್ಲಿ ಆದರೆ ಒಳ್ಳೆಯದಲ್ವಾ ಅಂತ ಮನೆಯವರ ಆಸೆ.

ಹೆಗಡೆ ಮಾವ

ರಾಯರೇ, ನಾನು ಶಿರಸಿಯವನು, ಹೆಂಡತಿಯ ತವರು ಹೊನ್ನಾವರ, ಹಾಗಾಗಿ ಘಟ್ಟದ ಮೇಲೂ ಕೆಳಗೂ ನನಗೆ ಬೈಸಿಕೊಂಡು ಅಭ್ಯಾಸ. ಜನವರಿಗೆ ಬನ್ನಿ. ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ, ಹೊದಿಕೆ ಬೇಕಾಗುತ್ತದೆ. ಹತ್ತು-ಹನ್ನೊಂದರ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬೀಸಲು ಶುರುವಾಗುತ್ತದೆ, ಆ ಗಾಳಿ ಬಂದರೆ ಮಧ್ಯಾಹ್ನ ತಡೆದುಕೊಳ್ಳಬಹುದು. ಫೆಬ್ರವರಿ ಕೊನೆಯಿಂದ ತೊಂದರೆ. ಘಟ್ಟದ ಗಾಳಿ ಬಿಡದೆ ಬೀಸಿ, ಸಮುದ್ರದ ಗಾಳಿ ತಡ ಮಾಡಿದರೆ ಸೆಖೆ ಅಂದರೆ ಸೆಖೆ. ಕಾರವಾರ, ಹೊನ್ನಾವರದಲ್ಲಿ 37–38 ಡಿಗ್ರಿ ಮುಟ್ಟಿದ ಫೆಬ್ರವರಿ, ಮಾರ್ಚ್ ಇವೆ. ದಾವಣಗೆರೆಯಲ್ಲಿ ಅಷ್ಟು ಬಿಸಿಲು ಕಂಡವರಿಗೆ ಅದೇನು ಅನ್ನಬೇಡಿ. ನಿಮ್ಮದು ಒಣ ಬಿಸಿಲು, ಬೆವರು ಆರುತ್ತದೆ. ಇಲ್ಲಿ ಆರುವುದಿಲ್ಲ. ಮೂರು ಸಲ ಸ್ನಾನ ಮಾಡಿ, ನಾಲ್ಕನೆಯದು ಮಾಡಲಾ ಅಂತ ಯೋಚನೆ ಮಾಡುತ್ತೀರಿ.

ಶಿವರಾತ್ರಿ ಗೋಕರ್ಣ ನೋಡಬೇಕಾದ್ದೇ. ದೊಡ್ಡ ರಥ ಎಳೆಯುವಾಗ ಜನ ಬಾಳೆಹಣ್ಣು ಎಸೆಯುತ್ತಾರೆ. ಆದರೆ ಆ ವಾರ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆ ಹೇಳಿದ್ದೇ ರೇಟು. ವಿಶ್ರಾಂತಿಗೆ ಬಂದವರು ಅದನ್ನು ಒಂದು ದಿನ ಬಂದು ನೋಡಿ ವಾಪಸ್ ಹೋಗುವುದು ಉತ್ತಮ. ದೇವಸ್ಥಾನದ ಒಳಗೆ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಹೋಗಬೇಕು, ಪ್ಯಾಂಟಿಗೆ ಪ್ರವೇಶ ಇಲ್ಲ. ಒಂದು ಪಂಚೆ ಬ್ಯಾಗಲ್ಲಿರಲಿ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಅದು ಕ್ರಮ. ರಾವಣನ ಕೈಯಿಂದ ಆತ್ಮಲಿಂಗ ತಪ್ಪಿಸಿದ್ದು ಆ ಗಣಪತಿ ತಾನೇ.

ಅಲೆಮಾರಿ

ಹೆಗಡೆ ಮಾವ ಹೇಳಿದ ಸೆಖೆ ನಿಜ. ಆದರೂ ಒಂದು ವಿಷಯ ನಾನು ಬಿಟ್ಟುಕೊಡುವುದಿಲ್ಲ. ರಾತ್ರಿ ಅಲೆ ಸದ್ದು ಕೇಳುತ್ತಾ ಮಲಗುವುದು ಕುಮಟಾ ಪೇಟೆಯಲ್ಲಿ ಎಲ್ಲಿದೆ? ಹೈವೇ ಲಾರಿ ಸದ್ದು ಕೇಳುತ್ತಾ ಮಲಗಬೇಕು. ತಿಂಗಳು ಪೂರ್ತಿ ಬೇಡ, ಕೊನೆಯ ಮೂರ್ನಾಲ್ಕು ದಿನ ಗೋಕರ್ಣದಲ್ಲಿ ಸಮುದ್ರದ ಎದುರು ರೂಮು ಹಿಡಿಯಿರಿ. ಕುಡ್ಲೆ ಬೇಡವಾದರೆ ಮೇನ್ ಬೀಚಿನ ಹತ್ತಿರ. ಅಲ್ಲಿ ಮೆಟ್ಟಿಲು ಇಲ್ಲ, ಸಮತಟ್ಟು. ದೇವಸ್ಥಾನದ ಬೀದಿಯಿಂದ ನಡೆದರೆ ಮರಳೇ ಸಿಗುತ್ತದೆ.

ಕುಮಟೆ ಹುಡುಗಿ

ಇದಕ್ಕೆ ನನ್ನ ಒಪ್ಪಿಗೆ ಇದೆ 🙂

ಸದ್ದಿನ ಬಗ್ಗೆ ಹೇಳುವುದಾದರೆ ಹೈವೇ ಪಕ್ಕದ ಲಾಡ್ಜ್ ಹಿಡಿದರೆ ಮಾತ್ರ ಲಾರಿ ಸದ್ದು. ಒಳಗೆ ತೋಟದ ಕಡೆ ಮನೆ ಸಿಗುತ್ತವೆ. ಮಕ್ಕಳು ಬೆಂಗಳೂರು, ಮುಂಬೈ ಸೇರಿಕೊಂಡ ಮನೆಗಳು ಎಷ್ಟೋ ಇವೆ, ಮೇಲಿನ ಭಾಗ ಅಥವಾ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ದಿನದ ಲೆಕ್ಕ ಮಾತಾಡಬೇಡಿ, ತಿಂಗಳ ಲೆಕ್ಕ ಮಾತಾಡಿ. ಮುಂಗಡ ಕೊಡುವ ಮೊದಲು ಮೂರು ನೋಡಿ: ಬಾವಿ ನೀರು ಉಪ್ಪಾಗಿದೆಯಾ, ಕರೆಂಟ್ ಹೋದರೆ ಫ್ಯಾನಿಗೆ ಇನ್ವರ್ಟರ್ ಇದೆಯಾ, ಬಚ್ಚಲುಮನೆಗೆ ಮೆಟ್ಟಿಲು ಇಳಿಯಬೇಕಾ. ಹಳೆ ಮನೆಗಳಲ್ಲಿ ಬಚ್ಚಲು ಹಿಂದೆ, ಕೆಳಗೆ ಇರುತ್ತದೆ. ಕಾಕಿಗೆ ರಾತ್ರಿ ಕಷ್ಟ ಆಗಬಾರದು.

ಉಪ್ಪಿನಕಾಯಿ

ಸರಿ, ಮನೆ ಆಯಿತು. ಊಟ? ಮೀನು ತಿನ್ನುವುದಿಲ್ಲ ಅಂದರೆ ಕರಾವಳಿಯ ಅರ್ಧ ಮಜಾ ಹೋಯಿತು.

ಅಂಕೋಲೆ ಮಗಳು ಮುಂಬೈ ಸೊಸೆ

ಅರ್ಧ ಅಲ್ಲ, ಮುಕ್ಕಾಲು! ಜನವರಿಯಲ್ಲಿ ತಾಜಾ ಬಂಗುಡೆ, ಶೆಟ್ಲಿ (ಸಿಗಡಿ), ಬಳಚು (ಚಿಪ್ಪುಮೀನು)... ಹೋಗಲಿ ಬಿಡಿ, ರಾಯರ ಎದುರು ಈ ಪಟ್ಟಿ ಬೇಡ. ನಾನು ಮುಂಬೈಯಲ್ಲಿ ಕೂತು ಇದನ್ನು ಬರೆಯುತ್ತಾ ನನ್ನ ಹೊಟ್ಟೆಯೇ ಉರಿಸಿಕೊಳ್ಳುತ್ತಿದ್ದೇನೆ.

ಸಸ್ಯಾಹಾರಕ್ಕೆ ಏನೂ ಕೊರತೆ ಇಲ್ಲ ರಾಯರೇ. ಬೆಳಿಗ್ಗೆ ಬನ್ಸ್, ಅವಲಕ್ಕಿ, ತೆಳ್ಳೇವು. ಮಧ್ಯಾಹ್ನ ಕುಚಲಕ್ಕಿ ಅನ್ನ ಸಿಕ್ಕರೆ ಅಭ್ಯಾಸ ಮಾಡಿಕೊಳ್ಳಿ, ಅದಕ್ಕೆ ತಂಬುಳಿ, ಅಪ್ಪೆಹುಳಿ, ಬಸಳೆ ಸೊಪ್ಪಿನ ಹುಳಿ. ಸೆಖೆಗೆ ಮುರುಗಲು ಪಾನಕ. ಎಲ್ಲಕ್ಕೂ ತೆಂಗಿನಕಾಯಿ ಇದ್ದೇ ಇರುತ್ತದೆ, ಖಾರ ನಿಮ್ಮ ಕಡೆಗಿಂತ ಕಡಿಮೆ. ಆದರೆ ರೊಟ್ಟಿ ಸಿಗುವುದಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಮನೆಯಿಂದಲೇ ತನ್ನಿ. ಡಬ್ಬಿ ಮುಚ್ಚಳ ಬಿಗಿ ಇರಲಿ, ಈ ಗಾಳಿಗೆ ಹಪ್ಪಳವೂ ಮೆತ್ತಗಾಗುತ್ತದೆ.

ತರಕಾರಿಗೆ ಸೂಪರ್ ಮಾರ್ಕೆಟ್ ಹುಡುಕಬೇಡಿ. ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿ ತುಂಬ ಹರಿವೆ, ಬಸಳೆ, ಮೊಗೆಕಾಯಿ, ಬದನೆ ತಂದು ರಸ್ತೆ ಬದಿ ಕೂತಿರುತ್ತಾರೆ. ಕುತ್ತಿಗೆ ತುಂಬ ಮಣಿಸರ ಹಾಕಿದವರು, ನೋಡಿದ ತಕ್ಷಣ ಗೊತ್ತಾಗುತ್ತದೆ. 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಅಂಕೋಲೆಯ ಜಾನಪದ ಹಾಡುಗಾರ್ತಿ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡ, ಅದೇ ಸಮುದಾಯ. ತಮ್ಮ ಗದ್ದೆಯಲ್ಲೇ ಬೆಳೆದದ್ದು ತರುತ್ತಾರೆ. ದಯವಿಟ್ಟು ಎರಡು ರೂಪಾಯಿಗೆ ಚೌಕಾಶಿ ಮಾಡಬೇಡಿ. ಒಬ್ಬರ ಹತ್ತಿರವೇ ದಿನಾ ತಗೊಂಡರೆ ಸ್ವಲ್ಪ ದಿನದಲ್ಲಿ ಅವರೇ ಕೊಸರು ಹಾಕುತ್ತಾರೆ, "ನಿನ್ನೆ ಯಾಕೆ ಬರಲಿಲ್ಲ" ಅಂತ ಕೇಳುತ್ತಾರೆ. ಒಂದು ಊರಲ್ಲಿ ತಿಂಗಳು ಇರುವುದಕ್ಕೂ ಟೂರಿಗೆ ಹೋಗುವುದಕ್ಕೂ ನನ್ನ ಪ್ರಕಾರ ವ್ಯತ್ಯಾಸ ಇದೇ.

ಮಾರ್ಚ್‌ವರೆಗೆ ಇದ್ದಿದ್ದರೆ ಕುಮಟಾದ ಸಿಹಿ ಈರುಳ್ಳಿ ಸಿಗುತ್ತಿತ್ತು. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೈವೇ ಬದಿ ಜಡೆ ಹೆಣೆದು ನೇತುಹಾಕಿರುತ್ತಾರೆ. ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ಮೇ ತಿಂಗಳಿಗೆ. ಅದಕ್ಕೆ ಇನ್ನೊಮ್ಮೆ ಬನ್ನಿ.

ಬಯಲುಸೀಮೆ ರಾಯ

ಹಿಟ್ಟು ತರುವುದು ಹೇಗೂ ಗ್ಯಾರಂಟಿ ಇತ್ತು ಅಕ್ಕಾ, ನಮ್ಮ ಮನೆಯವರು ರೊಟ್ಟಿ ಇಲ್ಲದೆ ಸ್ವರ್ಗಕ್ಕೂ ಬರುವುದಿಲ್ಲ.

ಒಂದು ಗಂಭೀರ ಪ್ರಶ್ನೆ. ಇಬ್ಬರಿಗೂ ಬಿಪಿ ಇದೆ, ನನಗೆ ಸಕ್ಕರೆ ಕಾಯಿಲೆಯೂ ಇದೆ. ಆಸ್ಪತ್ರೆ ಹೇಗೆ?

ಹೆಗಡೆ ಮಾವ

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬೀಚಿನ ಫೋಟೋ ಹಾಕುವವರು ಯಾರೂ ಇದನ್ನು ಹೇಳುವುದಿಲ್ಲ. ಜ್ವರ, ಹೊಟ್ಟೆ ಕೆಡುವುದು, ಬಿಪಿ ತಪಾಸಣೆ, ಇಂಥದ್ದಕ್ಕೆ ಕುಮಟಾದಲ್ಲಿ ತಾಲೂಕು ಆಸ್ಪತ್ರೆ, ಖಾಸಗಿ ವೈದ್ಯರು ಇದ್ದಾರೆ. ಹೃದಯ, ಮೆದುಳಿನ ತುರ್ತು ಅಂದರೆ ಮಣಿಪಾಲ, ಇಲ್ಲಾ ಹುಬ್ಬಳ್ಳಿ, ಇಲ್ಲಾ ಗೋವಾ. ಯಾವ ಕಡೆ ಹೋದರೂ ಗಂಟೆಗಟ್ಟಲೆ ದಾರಿ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ನಾವು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದೇವೆ. ಹಾಗಾಗಿ ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕಂಡು ಬನ್ನಿ, ತಿಂಗಳ ಪೂರ್ತಿ ಮಾತ್ರೆ ತನ್ನಿ. ಇನ್ಸುಲಿನ್ ಇದ್ದರೆ ಮನೆಯಲ್ಲಿ ಫ್ರಿಜ್ ಇದೆಯಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿ. ಬರಿಗಾಲಲ್ಲಿ ಮರಳಲ್ಲಿ ನಡೆದ ಮೇಲೆ ಪಾದ ತೊಳೆದು ಒರೆಸಿ, ಬೆರಳ ಸಂದಿ ನೋಡಿಕೊಳ್ಳಿ. ಸಕ್ಕರೆ ಇರುವವರಿಗೆ ಚಿಪ್ಪು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಚಪ್ಪಲಿ ಹಾಕಿಕೊಂಡೇ ನಡೆದರೆ ಇನ್ನೂ ಒಳ್ಳೆಯದು.

ತದಡಿ ದೋಣಿ

ಉಪ್ಪಿನಕಾಯಿ ಅವರ ಬೋರಿಗೆ ಒಂದು ಮದ್ದು ಹೇಳುತ್ತೇನೆ.

ಗೋಕರ್ಣದ ದಕ್ಷಿಣಕ್ಕೆ ನಮ್ಮ ತದಡಿ. ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗ. ಅಣೆಕಟ್ಟು ಇಲ್ಲದೆ ಘಟ್ಟದಿಂದ ಸಮುದ್ರದವರೆಗೆ ಹರಿಯುವ ಹೊಳೆ ಇದು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನೀರು ಇಳಿದಾಗ ಬಂದರೆ ಹೆಂಗಸರು, ಗಂಡಸರು ಹೊಳೆಯಲ್ಲಿ ನಿಂತು ಬಳಚು ಆರಿಸುವುದು ಕಾಣುತ್ತದೆ. ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಹೋಗಬಹುದು. ಈಚೆ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದೆ, ಜನವರಿ ನಂತರ ಉಪ್ಪು ಎಳೆಯುವ ಕೆಲಸ ನೋಡಬಹುದು. ಅದರಾಚೆ ಗಜನಿ ಗದ್ದೆ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಮಳೆಗಾಲದಲ್ಲಿ ಅಲ್ಲಿ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಶೆಟ್ಲಿ, ಮೀನು ಹಿಡಿಯುತ್ತಾರೆ. ಒಂದೇ ನೆಲ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ರೈತಾಪಿ ಕಡೆಯವರು ನೀವು, ಇದನ್ನು ನೋಡಿದರೆ ನಿಮಗೆ ಮಾತಾಡಲು ಬಹಳ ಇರುತ್ತದೆ.

ಬೆಳಿಗ್ಗೆ ದಡದಲ್ಲಿ ಯೇಂಡಿ ಬಲೆ ಎಳೆಯುತ್ತಿದ್ದರೆ ಸುಮ್ನೆ ನಿಂತು ವಿಡಿಯೋ ಮಾಡಬೇಡಿ. ಹಗ್ಗಕ್ಕೆ ಕೈ ಹಾಕಿ. ಎಳೆದವರಿಗೆ ಪಾಲು ಕೊಡುವ ರೂಢಿ ಇದೆ. ನಿಮ್ಮ ಪಾಲಿನ ಮೀನು ಪಕ್ಕದವರಿಗೆ ಕೊಡಿ, ಅವರು ಬೇಡ ಅನ್ನುವುದಿಲ್ಲ 😄

ಉಪ್ಪಿನಕಾಯಿ

ಗಜನಿ ವಿಷಯ ಗೊತ್ತಿರಲಿಲ್ಲ. ಚೆನ್ನಾಗಿದೆ. ಆದರೂ ನಾಲ್ಕು ದಿನಕ್ಕೇ ಮುಗಿಯುತ್ತದೆ 😛

ಅಂಕೋಲೆ ಮಗಳು ಮುಂಬೈ ಸೊಸೆ

ಮುಗಿಯಲಿ ಬಿಡಿ ಮಾರಾಯ್ರೆ! ಐದನೇ ದಿನ ಏನೂ ಮಾಡದೆ ಇರಲಿಕ್ಕೇ ಅವರು ಬರುತ್ತಿರುವುದು.

ರಾತ್ರಿ ಏನು ಅಂತ ಕೇಳಿದರೆ, ಯಕ್ಷಗಾನ. ಆ ತಿಂಗಳುಗಳಲ್ಲಿ ಮೇಳಗಳ ತಿರುಗಾಟ ಇರುತ್ತದೆ, ಯಾವುದಾದರೂ ಊರಲ್ಲಿ ಆಟ ಇದ್ದೇ ಇರುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಹೊನ್ನಾವರ ತಾಲೂಕಿನ ಗುಣವಂತೆ, ಕುಮಟಾದಿಂದ ದೂರ ಏನಿಲ್ಲ. ಹಾಗೇ ಹೊನ್ನಾವರದ ಹತ್ತಿರದ ಕಾಸರಕೋಡು ನೋಡಿ ಬನ್ನಿ. 2020ರಲ್ಲಿ ಪಡುಬಿದ್ರಿ ಜೊತೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ತೀರ ಅದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಹಲಗೆ ಹಾಸಿದ ಕಾಲುದಾರಿ ಇದೆ, ಕಾಕಿಗೂ ನಡೆಯಲು ತೊಂದರೆ ಇಲ್ಲ.

ಬಯಲುಸೀಮೆ ರಾಯ

ಮನೆಯವರ ಜೊತೆ ಕೂತು ಎಲ್ಲ ಓದಿದೆ. ತೀರ್ಮಾನ ಹೀಗೆ. ಜನವರಿ ಸಂಕ್ರಾಂತಿ ಮುಗಿಸಿ ಕುಮಟಾ. ವನ್ನಳ್ಳಿ ಅಥವಾ ಧಾರೇಶ್ವರದ ಕಡೆ, ಮೆಟ್ಟಿಲು ಇಲ್ಲದ ಮನೆ. ಕೊನೆಯ ಕೆಲವು ದಿನ ಗೋಕರ್ಣ ಮೇನ್ ಬೀಚಿನ ಹತ್ತಿರ, ಅಲೆಮಾರಿ ಅವರ ಮಾತಿಗೆ. ಕುಮಟೆಯ ತಂಗಿಗೆ ಖಾಸಗಿಯಾಗಿ ಸಂದೇಶ ಹಾಕಿದ್ದೇನೆ, ಯಾವುದಾದರೂ ಮನೆ ಗೊತ್ತಿದ್ದರೆ ಹೇಳಮ್ಮ. ದಾರಿ ಒಂದು ಬಾಕಿ. ಕಾರಿಲ್ಲ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಬರುವುದಾ, ಶಿರಸಿ ಮೇಲೆ ಬರುವುದಾ?

ಕುಮಟೆ ಹುಡುಗಿ

ನೋಡಿದೆ ರಾಯರೇ. ಅಮ್ಮನಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ಧಾರೇಶ್ವರದಲ್ಲಿ ನಮ್ಮ ಸಂಬಂಧಿಕರ ಪಕ್ಕದ ಮನೆ ಖಾಲಿ ಇರಬೇಕು.

ಶಿರಸಿ ದಾರಿ ಹತ್ತಿರ, ದೇವಿಮನೆ ಘಾಟಿ ಇಳಿದರೆ ನೇರ ಕುಮಟಾ. ಆದರೆ ಆ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ವಾಹನ ತಡೆದಿದ್ದಾರೆ, ಹೊರಡುವ ಮುಂಚೆ ಬಸ್ ಬಿಡುತ್ತಿದ್ದಾರಾ ವಿಚಾರಿಸಿ. ಇಲ್ಲಾಂದರೆ ಹುಬ್ಬಳ್ಳಿಗೆ ಬಂದು ಅಂಕೋಲಾ ಬಸ್ ಹಿಡಿಯಿರಿ, ಅರಬೈಲ್ ಘಾಟಿ ದಾರಿ. ತಿರುವು ಜಾಸ್ತಿ, ವಾಂತಿ ಬರುವವರಾದರೆ ಮುಂದಿನ ಸೀಟು ಹಿಡಿಯಿರಿ. ಬೆಂಗಳೂರಿಗೆ ಹೋಗಿ ಪಂಚಗಂಗಾ ರೈಲು ಹಿಡಿಯುವುದು ನಿಮಗೆ ಸುತ್ತು.

ಹೆಗಡೆ ಮಾವ

ಶಿರಸಿ ಮೇಲೆ ಬಂದರೆ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ ಇಳಿಯಿರಿ. ಬಸ್ ನಿಂತಿದ್ದರೆ ಕುಮಟಾ ಕಡೆ ಹೋಗುವ ಯಾವುದಾದರೂ ಬಾಡಿಗೆ ಗಾಡಿ ನಾನೇ ಹುಡುಕಿ ಕೊಡುತ್ತೇನೆ. ಬರುವ ಹಿಂದಿನ ದಿನ ಇಲ್ಲಿ ಒಂದು ಮಾತು ಹಾಕಿ ಸಾಕು, ಅಪ್ಪೆಮಿಡಿ ಜಾಡಿ ತೆಗೆಸಿಡುತ್ತೇನೆ. ಉಪ್ಪಿನಕಾಯಿ ಅವರಿಗೂ ಬೇಕಾದರೆ ಬರಲಿ, ಹೆಸರಿಗೆ ತಕ್ಕ ಸತ್ಕಾರ ಆಗುತ್ತದೆ.

ಉಪ್ಪಿನಕಾಯಿ

ಮಾವಾ, ಬಂದೆ. ವಿಳಾಸ ಕಳಿಸಿ.